ಒಪ್ಪ ಹಾಕಿದ ಕೋಟೆ

ಹಾಲಯ್ಯನಿಗೆ ಒಂದು ಅಭ್ಯಾಸವಿತ್ತು. ಪಾಠ ಒಪ್ಪಿಸುವಾಗ ಕೊನೆಯ ಸಾಲು ಬಾಯಿಂದ ಹೊರಬೀಳುವ ಮೊದಲೇ ಅವನ ಎಡಗೈ ಪುಸ್ತಕವನ್ನು ಮುಚ್ಚಿಬಿಡುತ್ತಿತ್ತು. ಬಾಯಿ ಇನ್ನೂ ಹೇಳುತ್ತಿರುತ್ತಿತ್ತು, ಕೈ ಮುಗಿಸಿರುತ್ತಿತ್ತು. ತಪ್ಪು ಮಾತ್ರ ಒಂದೂ ಇರುತ್ತಿರಲಿಲ್ಲ. ಮಠದಲ್ಲಿದ್ದ ಒಂಬತ್ತು ಮಂದಿ ಶಿಷ್ಯರಲ್ಲಿ ಅವನಷ್ಟು ಬೇಗ ಪಾಠ ಒಪ್ಪಿಸುವವನು ಇನ್ನೊಬ್ಬನಿರಲಿಲ್ಲ. ಗುರುಗಳು ಆ ಕೈಯನ್ನು ಎರಡು ವರ್ಷದಿಂದ ನೋಡುತ್ತಿದ್ದರು. ಏನೂ ಹೇಳಿರಲಿಲ್ಲ.

ಅವತ್ತು ಬೆಳಗಿನ ಪಾಠ ಶರಣಾಗತಿಯ ಬಗ್ಗೆ ಇತ್ತು. ಹಾಲಯ್ಯ ಒಪ್ಪಿಸಿದ. ಪುಸ್ತಕ ಮುಚ್ಚಿದ. ಆದರೆ ಎದ್ದು ಹೋಗಲಿಲ್ಲ.

“ಗುರುಗಳೇ, ಒಂದು ಪ್ರಶ್ನೆ ಇದೆ,” ಎಂದ. “ಕೇಳಬಹುದೋ ಇಲ್ಲವೋ ಗೊತ್ತಿಲ್ಲ.”

“ಕೇಳಿದ ಮೇಲೆ ಗೊತ್ತಾಗುತ್ತದೆ,” ಎಂದರು ಗುರುಗಳು.

“ದಿನಾ ಬೆಳಿಗ್ಗೆ ನೀವು ಪಾಠ ಒಪ್ಪಿಸು ಅನ್ನುತ್ತೀರಿ. ಸೋತ ರಾಜ ಕೋಟೆ ಒಪ್ಪಿಸಿದ ಅಂತಲೂ ಅನ್ನುತ್ತೇವೆ. ಸಿಕ್ಕಿಬಿದ್ದ ಕಳ್ಳನನ್ನು ಊರವರು ಚಾವಡಿಗೆ ಒಪ್ಪಿಸುತ್ತಾರೆ. ಈಗ ಈ ಪಾಠ ನೋಡಿದರೆ, ದೇವರಿಗೆ ನಮ್ಮನ್ನು ಒಪ್ಪಿಸಿಕೊಳ್ಳಬೇಕು ಅನ್ನುತ್ತದೆ. ಎಲ್ಲದಕ್ಕೂ ಒಂದೇ ಮಾತು. ನಾನು ಯೋಚನೆ ಮಾಡಿದೆ. ಇದು ಸೋತವರ ಮಾತು. ಇಟ್ಟುಕೊಳ್ಳುವ ಶಕ್ತಿ ಕೈಯಲ್ಲಿ ಇಲ್ಲದಾಗ ಒಪ್ಪಿಸುತ್ತಾರೆ. ಹಾಗಿದ್ದರೆ ದೇವರಿಗೆ ಒಪ್ಪಿಸುವುದು ಅಂದರೂ ಸೋಲೇ ತಾನೆ? ಅದನ್ನು ಯಾಕೆ ದೊಡ್ಡದು ಅನ್ನುತ್ತಾರೆ?”

ಹಿಂದೆ ಕೂತಿದ್ದ ಇನ್ನೊಬ್ಬ ಶಿಷ್ಯ ಮೆಲ್ಲಗೆ, “ಅಂದರೆ ನೀನು ದಿನಾ ಬೆಳಿಗ್ಗೆ ಸೋಲುತ್ತಾ ಇದ್ದೀಯಾ ಅಂತಾಯ್ತು,” ಎಂದ. ಕೆಲವರು ನಕ್ಕರು. ಹಾಲಯ್ಯ ನಗಲಿಲ್ಲ.

ಗುರುಗಳೂ ನಗಲಿಲ್ಲ. “ಒಪ್ಪಿಸು ಅನ್ನುವ ಮಾತಿನೊಳಗೆ ಇನ್ನೊಂದು ಮಾತು ಇದೆ. ಯಾವುದು?” ಎಂದು ಕೇಳಿದರು.

“ಒಪ್ಪು.”

“ಅದರ ಪಕ್ಕದ ಮನೆಯಲ್ಲಿ ಇರುವುದು?”

“ಒಪ್ಪ,” ಎಂದ.

“ಒಪ್ಪ ಅಂದರೆ?”

“ಓರಣ. ಮನೆ ಒಪ್ಪವಾಗಿ ಇಟ್ಟಿದ್ದಾರೆ ಅನ್ನುತ್ತೇವೆ.”

“ಇನ್ನೂ ಇದೆ. ಹಿಂದೆ ಓಲೆಯ ಕೆಳಗೆ ಹಾಕುತ್ತಿದ್ದ ರುಜುವಿಗೂ ಒಪ್ಪ ಅನ್ನುತ್ತಿದ್ದರು. ಪಾತ್ರೆಗೆ ತಿಕ್ಕಿ ತಿಕ್ಕಿ ಕೊಡುವ ಹೊಳಪಿಗೂ ಒಪ್ಪ ಅನ್ನುತ್ತಾರೆ. ಅಷ್ಟನ್ನು ನೆನಪಿಟ್ಟುಕೊಂಡು ಕೇಳು,” ಎಂದು ಗುರುಗಳು ಹೇಳತೊಡಗಿದರು.

ಗುಡ್ಡದ ಮೇಲೆ ಒಂದು ಕೋಟೆ ಇತ್ತು. ಅದರ ಒಡೆಯ ಒಬ್ಬ ಪಾಳೆಯಗಾರ. ಅವನು ಅಲ್ಲಿ ಇರುತ್ತಿದ್ದುದು ಕಡಿಮೆ. ಕೋಟೆಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ಕಿಲ್ಲೇದಾರ.

ಕಿಲ್ಲೇದಾರ ಹುಟ್ಟಿದ್ದು ಕಂಚುಗಾರರ ಮನೆಯಲ್ಲಿ. ಹೆಬ್ಬಾಗಿಲಿನ ಕದಕ್ಕೆ ಬಡಿದ ಕಂಚಿನ ಗುಬುಟುಗಳು ಸಡಿಲವಾಗಿವೆ ಎಂದು ಅವನನ್ನು ಹರೆಯದಲ್ಲಿ ಕರೆಸಿದ್ದರು. ಬಂದವನು ಗುಬುಟು ಬಿಗಿ ಮಾಡಿದ. ಕದದ ತಿರುಗಣಿ ಸವೆದಿದೆ ಎಂದ. ಅದನ್ನೂ ಸರಿ ಮಾಡಿದ. ಹೊಂಡದ ಮೆಟ್ಟಿಲು ಜಾರುತ್ತದೆ ಎಂದ. ಹೀಗೆ ಒಂದಾದ ಮೇಲೆ ಒಂದು ಕೆಲಸ ಕಣ್ಣಿಗೆ ಬೀಳುತ್ತಾ ಹೋಗಿ ಅವನು ಊರಿಗೆ ಮರಳಲೇ ಇಲ್ಲ. ಮೂವತ್ತು ವರ್ಷ ಕಳೆಯಿತು. ಕೋಟೆಯ ಬೀಗದ ಕೈಗಳ ಗೊಂಚಲು ಅವನ ಸೊಂಟಕ್ಕೆ ಬಂತು. ಏನಾದರೂ ಹೇಳುವ ಮೊದಲು ಅವನು ಒಮ್ಮೆ ಆ ಗೊಂಚಲು ಮುಟ್ಟಿಕೊಳ್ಳುತ್ತಿದ್ದ.

ಕೋಟೆಯೊಳಗೆ ಮುನ್ನೂರು ಮನೆಗಳಿದ್ದವು. ನೇಕಾರರು, ಕುಂಬಾರರು, ಗಾಣದವರು, ಕಾವಲಿನವರು.

ಒಂದು ಕಾರ್ತಿಕದಲ್ಲಿ ನೆರೆಸೀಮೆಯ ದಳವಾಯಿ ದಂಡು ತಂದು ಮುತ್ತಿಗೆ ಹಾಕಿದ. ಚೈತ್ರ ಬಂದರೂ ಕೋಟೆ ಬೀಳಲಿಲ್ಲ. ಅವನ ಸೈನಿಕರು ಬೇಸತ್ತರು. ಅವರನ್ನು ನಿಲ್ಲಿಸಿಕೊಳ್ಳಲು ದಳವಾಯಿ ಒಂದು ಮಾತು ಕೊಟ್ಟ. ಕೋಟೆ ಕೈಗೆ ಬಂದ ದಿನದಿಂದ ಮೂರು ದಿನ ಸೂರೆ. ಆ ಮೂರು ದಿನ ಯಾರು ಏನು ಹೊತ್ತುಕೊಂಡು ಹೋದರೂ, ಯಾರನ್ನು ಏನು ಮಾಡಿದರೂ ಕೇಳುವವರಿಲ್ಲ. ಸೈನಿಕರು ದಿನಾ ಸಂಜೆ ಗೋಡೆಯ ಕೆಳಗೆ ನಿಂತು ಇದನ್ನು ಕೂಗಿ ಹೇಳುತ್ತಿದ್ದರು. ಒಳಗಿನ ತಾಯಂದಿರು ಮಕ್ಕಳ ಕಿವಿ ಮುಚ್ಚುತ್ತಿದ್ದರು.

ಅತ್ತ ಬಯಲಿನಲ್ಲಿ ಪಾಳೆಯಗಾರ ಸಿಕ್ಕಿಬಿದ್ದ. ತನ್ನ ತಲೆ ಉಳಿಸಿಕೊಳ್ಳಲು ಕೋಟೆ ಬಿಟ್ಟುಕೊಡಲು ಒಪ್ಪಿದ. ಕಿಲ್ಲೇದಾರನಿಗೆ ಓಲೆ ಬಂತು. ಅದರಲ್ಲಿ ಇದ್ದದ್ದು ಎರಡೇ ಮಾತು. ‘ಕೋಟೆ ಒಪ್ಪಿಸು.’ ಕೆಳಗೆ ಪಾಳೆಯಗಾರನ ಒಪ್ಪ. ಮೂರು ದಿನ ಗಡುವು ಎಂದು ಓಲೆ ತಂದವನು ಬಾಯಲ್ಲಿ ಹೇಳಿದ.

ಕಾವಲಿನ ಮುಖ್ಯಸ್ಥ ಓಲೆಯನ್ನು ಓದಿಸಿಕೊಂಡು ಕೇಳಿದ. “ಯಜಮಾನರೇ, ಇನ್ನೇನು ನೋಡುತ್ತೀರಿ? ಕಣಜಕ್ಕೆ ಬೆಂಕಿ ಇಡೋಣ. ಹೊಂಡಕ್ಕೆ ಸತ್ತ ಎತ್ತು ಹಾಕೋಣ. ಅವರಿಗೆ ಒಂದು ಗುಟುಕು ನೀರೂ ಸಿಗಬಾರದು. ಆದವರೆಲ್ಲ ದಿಡ್ಡಿ ಬಾಗಿಲಿನಿಂದ ಇವತ್ತೇ ಹೊರಟುಬಿಡೋಣ,” ಎಂದ.

“ಆಗದವರು?”

ಮುಖ್ಯಸ್ಥ ದಿಡ್ಡಿ ಬಾಗಿಲಿನ ಕಡೆಗೆ ನೋಡಿದ.

ಕಿಲ್ಲೇದಾರ ಗೊಂಚಲು ಮುಟ್ಟಿಕೊಂಡ. “ಓಲೆಯಲ್ಲಿ ಹಾಗೆ ಬರೆದಿಲ್ಲವಲ್ಲ,” ಎಂದ.

“ಒಪ್ಪಿಸು ಅಂದರೆ ಮತ್ತೇನು? ಬಿಟ್ಟು ಹೋಗು ಅಂತ.”

“ಬಿಟ್ಟು ಹೋಗು ಅಂತ ಬರೆಯಲು ಅವರಿಗೆ ಬರುತ್ತದೆ. ಒಪ್ಪಿಸು ಅಂತ ಬರೆದಿದ್ದಾರೆ. ನಮ್ಮಪ್ಪ ಒಪ್ಪ ಹಾಕದೆ ಒಂದು ತಂಬಿಗೆಯನ್ನೂ ಒಪ್ಪಿಸಿದವನಲ್ಲ. ಅವಸರದವರು ಬಂದು ಹಾಗೆಯೇ ಎತ್ತಿಕೊಂಡು ಹೋದರೆ, ‘ಕೊಟ್ಟೆ’ ಅನ್ನುತ್ತಿದ್ದ. ‘ಒಪ್ಪಿಸಿದೆ’ ಅನ್ನುತ್ತಿರಲಿಲ್ಲ. ಈ ಕೋಟೆಗೆ ಒಪ್ಪ ಹಾಕಲು ಮೂರು ದಿನ ಸಾಲದು. ಈಗಲೇ ಶುರು ಮಾಡೋಣ.”

ಮುಖ್ಯಸ್ಥ ಹೊರಗೆ ಬಂದು ಜನರಿಗೆ ಹೇಳಿದ. “ಐದು ತಿಂಗಳು ಅರೆಹೊಟ್ಟೆ. ಯಜಮಾನರ ತಲೆ ಕೆಟ್ಟಿದೆ.”

ಪಾಳೆಯಗಾರ ಬರೆದದ್ದು ಒಂದು ಅರ್ಥದಲ್ಲಿ. ಕಂಚುಗಾರನ ಮಗ ಓದಿಕೊಂಡದ್ದು ಇನ್ನೊಂದು ಅರ್ಥದಲ್ಲಿ. ಅದು ತಪ್ಪು ಓದೇ. ನಾನು ಅದನ್ನು ಸರಿ ಅನ್ನುವುದಿಲ್ಲ.

ದಿಡ್ಡಿ ಬಾಗಿಲನ್ನು ಕಿಲ್ಲೇದಾರ ತೆರೆದೇ ಇಟ್ಟ. ಹೋಗುತ್ತೇನೆ ಎಂದವರನ್ನು ತಡೆಯಲಿಲ್ಲ. ನಲವತ್ತು ಮಂದಿ ಹೋದರು. ಉಳಿದವರಿಗೆ ಹೋಗಲು ಜಾಗ ಇರಲಿಲ್ಲ, ಇಲ್ಲವೇ ಹೊತ್ತೊಯ್ಯಲಾಗದಷ್ಟು ಮುದುಕರು, ಮಕ್ಕಳು ಮನೆಯಲ್ಲಿದ್ದರು. ಅವರು ಸುಮ್ಮನೆ ಕೂತು ನಾಲ್ಕನೆಯ ದಿನವನ್ನು ಕಾಯುವುದಕ್ಕಿಂತ ಪೊರಕೆ ಹಿಡಿಯುವುದು ವಾಸಿ ಎಂದುಕೊಂಡರು.

ಮೊದಲ ದಿನ ಹೊಂಡ. ನೀರನ್ನು ತಳದವರೆಗೆ ಸೇದಿ, ಕೆಸರು ಎತ್ತಿ, ಮೆಟ್ಟಿಲು ತೊಳೆದರು. ಕಾವಲಿನ ಮುಖ್ಯಸ್ಥ ಹೋಗಿರಲಿಲ್ಲ. ಬೈಯುತ್ತಲೇ ಹಗ್ಗ ಹಿಡಿದ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ಕಿಲ್ಲೇದಾರ ತಾನೇ ಇಳಿದು ತೊಳೆದ. ಆಮೇಲೆ ಒರತೆಯ ಬಾಯಿ ಬಿಟ್ಟರು. ನೀರು ಏರಿತು.

ಎರಡನೆಯ ದಿನ ಕಣಜ ಮತ್ತು ಬೀದಿಗಳು. ಹುಳು ಹಿಡಿದ ಜೋಳವನ್ನು ಕೇರಿ ಬೇರೆ ಮಾಡಿದರು. ನೇಕಾರರ ಬೀದಿಯಲ್ಲಿ ಒಬ್ಬಳು ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಸೂರೆ ಹೊಡೆಯಲು ಬರುವವನಿಗೆ ಅಂಗಳ ಸಾರಿಸಿ ಇಡಬೇಕೇ ಯಜಮಾನರೇ? ಆರತಿ ತಟ್ಟೆಯನ್ನೂ ತಂದುಬಿಡಲೇ?”

“ಆರತಿ ಬೇಡ ತಾಯಿ. ಸಗಣಿ ಸ್ವಲ್ಪ ಜಾಸ್ತಿ ಹಾಕಿ. ಆ ಮೂಲೆಯಲ್ಲಿ ನೆಲ ಕಿತ್ತಿದೆ.”

ಅವಳು ತಿರುಗಿ ನೋಡಿದಳು. ಮೂಲೆ ಕಿತ್ತಿತ್ತು. ಸಂಕ್ರಾಂತಿಯಿಂದಲೂ ಅವಳು ಅದನ್ನು ಸರಿ ಮಾಡಬೇಕು ಎಂದುಕೊಂಡಿದ್ದಳು.

ಮೂರನೆಯ ದಿನ ಹೆಬ್ಬಾಗಿಲು. ತಿರುಗಣಿಗೆ ಎಣ್ಣೆ ಬಿಟ್ಟರು. ಹುಣಸೆಹಣ್ಣು, ಬೂದಿ ತರಿಸಿಕೊಂಡು ಕಿಲ್ಲೇದಾರ ಏಣಿ ಹತ್ತಿದ. ಗುಬುಟುಗಳನ್ನು ಒಂದೊಂದಾಗಿ ತಿಕ್ಕಿದ. ಮೂವತ್ತು ವರ್ಷದ ಹಿಂದೆ ತಾನು ಬಿಗಿ ಮಾಡಿದ ಗುಬುಟುಗಳು. ಒಂದೂ ಅಲುಗಲಿಲ್ಲ.

ಗುರುಗಳು ಇಷ್ಟು ಹೇಳಿ ನೀರು ಕುಡಿಯಲು ನಿಂತಾಗ ಹಾಲಯ್ಯ ಬಾಯಿ ಹಾಕಿದ.

“ಗೊತ್ತಾಯಿತು ಗುರುಗಳೇ. ಅದು ಉಪಾಯ. ಎಲ್ಲ ಚೆನ್ನಾಗಿ ಕಂಡರೆ ಶತ್ರುವಿನ ಮನಸ್ಸು ಕರಗುತ್ತದೆ ಎಂದುಕೊಂಡ. ಹಾಗೆಯೇ ಆಗಿರಬೇಕು.”

“ಉಪಾಯವಾಗಿದ್ದರೆ ಹೊಂಡದ ಕೊನೆಯ ಮೆಟ್ಟಿಲು ಯಾಕೆ ತೊಳೆಯುತ್ತಿದ್ದ?” ಎಂದರು ಗುರುಗಳು. “ಅದರ ಮೇಲೆ ಎರಡಾಳು ನೀರು ನಿಂತಿತ್ತು. ಯಾರಿಗೂ ಕಾಣುವಂತಿರಲಿಲ್ಲ.”

ಗುರುಗಳು ಕತೆ ಮುಂದುವರಿಸಿದರು.

ನಾಲ್ಕನೆಯ ದಿನ ಹೊತ್ತೇರುವಾಗ ದಳವಾಯಿ ಬಂದ. ಹಿಂದೆ ಎರಡು ಸಾವಿರ ಮಂದಿ. ತುಂಬಿಕೊಂಡು ಹೋಗಲು ಹೆಗಲ ಮೇಲೆ ಖಾಲಿ ಗೋಣಿಚೀಲ ಹಾಕಿಕೊಂಡು ಬಂದಿದ್ದರು. ಗುಡ್ಡದ ಮೇಲೆ ಹೊಗೆ ಕಾಣಿಸುತ್ತದೆ ಎಂದು ಅವರು ಎಣಿಸಿದ್ದರು. ಹೊಗೆ ಇರಲಿಲ್ಲ. ಹೆಬ್ಬಾಗಿಲನ್ನು ಅವರಲ್ಲಿ ಇಬ್ಬರು ತಳ್ಳಿದರು. ಕದಗಳು ಸದ್ದಿಲ್ಲದೆ ತೆರೆದುಕೊಂಡವು. ಗುಬುಟುಗಳ ಮೇಲೆ ಬಿಸಿಲು ಬಿದ್ದು, ಮುಂದಿನ ಸಾಲಿನ ಕುದುರೆಗಳು ಮುಖ ತಿರುಗಿಸಿದವು.

ದಳವಾಯಿ ಕೈಯೆತ್ತಿ ದಂಡನ್ನು ನಿಲ್ಲಿಸಿದ. ಅವನು ಇಪ್ಪತ್ತು ಕೋಟೆ ಹಿಡಿದವನು. ಯಾವ ಕೋಟೆಯೂ ಅವನಿಗೆ ಹೀಗೆ ತೆರೆದುಕೊಂಡಿರಲಿಲ್ಲ. ಇದರಲ್ಲಿ ಮೋಸ ಇದೆ ಎಂದುಕೊಂಡ. ಹತ್ತು ಮಂದಿಯನ್ನು ಮಾತ್ರ ಕರೆದುಕೊಂಡು ಒಳಗೆ ಬಂದ. ಉಳಿದವರು ಬಾಗಿಲಲ್ಲಿ ಕಾದರು.

ಕಿಲ್ಲೇದಾರ ಒಳಗೆ ನಿಂತಿದ್ದ. ಅವನ ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಇತ್ತು.

“ಕೋಟೆ ಒಪ್ಪಿಸಬೇಕು ಎಂದು ನನಗೆ ಅಪ್ಪಣೆಯಾಗಿದೆ,” ಎಂದ. “ಬನ್ನಿ, ನೋಡಿಕೊಳ್ಳಿ.”

ಮೊದಲು ಬಾಗಿಲಿನ ಅಗುಳಿ ತೋರಿಸಿದ. “ಇದನ್ನು ಎಳೆಯಬೇಡಿ. ಮೇಲಕ್ಕೆ ಎತ್ತಿ, ಆಮೇಲೆ ಸರಿಸಿ. ಎಳೆದರೆ ಮೂರು ವರ್ಷಕ್ಕೆ ಸವೆದುಹೋಗುತ್ತದೆ,” ಎಂದ.

ಹೊಂಡದ ಬಳಿ ದಳವಾಯಿ ನಿಂತ. “ಮೊದಲು ನೀನು ಕುಡಿ,” ಎಂದ.

ಕಿಲ್ಲೇದಾರ ಮೂರು ಬೊಗಸೆ ಕುಡಿದ. “ಬೆಳಗಿನಿಂದ ಬಾಯಾರಿತ್ತು,” ಎಂದ.

ನೇಕಾರರ ಬೀದಿಯಲ್ಲಿ, “ಈ ಕಡೆ ಕುದುರೆ ತರಬೇಡಿ. ಮನೆಯೊಳಗೆ ಮಗ್ಗದ ಗುಂಡಿಗಳಿವೆ. ನೆಲ ಅದುರಿದರೆ ಎಳೆ ಕಡಿಯುತ್ತದೆ,” ಎಂದ.

ಪಡುವಣ ಗೋಡೆಯ ಹತ್ತಿರ ಬಂದಾಗ ಅವನು ಬಗ್ಗಿ ಒಂದು ಕಲ್ಲನ್ನು ಬೆರಳಿನಿಂದ ತಟ್ಟಿದ. ಟೊಳ್ಳು ಸದ್ದು ಬಂತು. “ಇಲ್ಲಿಂದ ಆ ಮೂಲೆಯವರೆಗೆ ಒಳಗೆ ಬರೀ ಮಣ್ಣು. ಹೋದ ಮಳೆಗಾಲದಲ್ಲಿ ಕುಸಿಯಿತು. ನಾಲ್ಕು ಆಳು ಹಾರೆ ಹಾಕಿದರೆ ಬೀಳುತ್ತದೆ. ನಮ್ಮ ಕೈಯಲ್ಲಿ ಕಟ್ಟಿಸಲು ಆಗಲಿಲ್ಲ. ನೀವು ಈ ಮಳೆಗೆ ಮೊದಲು ಕಟ್ಟಿಸಿ.”

ದಳವಾಯಿ ಗೋಡೆಯನ್ನು ನೋಡಿದ. ಐದು ತಿಂಗಳು ಅವನ ಡೇರೆ ಇದ್ದದ್ದು ಅದೇ ಗೋಡೆಯ ಆಚೆ, ಒಂದು ಕೂಗಿನ ದೂರದಲ್ಲಿ. ಅವನ ಹತ್ತು ಮಂದಿಯಲ್ಲಿ ಒಬ್ಬ ಆ ಕಲ್ಲನ್ನು ತಾನೂ ತಟ್ಟಿ ನೋಡಿದ.

“ಇದನ್ನು ನನಗೆ ಯಾಕೆ ಹೇಳುತ್ತೀಯ?” ಎಂದ ದಳವಾಯಿ.

“ಇನ್ನು ಮುಂದೆ ಕಾಯಬೇಕಾದವರು ನೀವು,” ಎಂದ ಕಿಲ್ಲೇದಾರ. “ಗೊತ್ತಿಲ್ಲದಿದ್ದರೆ ಹೇಗೆ ಕಾಯುತ್ತೀರಿ?”

ಗೋಡೆಯ ಪಕ್ಕದ ಕೊನೆಯ ಮನೆಯ ಜಗಲಿಯಲ್ಲಿ ಒಬ್ಬಳು ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕೊಡ ಇ‌ತ್ತು.

“ಇವರಿಗೆ ಕಣ್ಣು ಕಾಣುವುದಿಲ್ಲ,” ಎಂದ ಕಿಲ್ಲೇದಾರ. “ತಮ್ಮವರು ಅಂತ ಯಾರೂ ಇಲ್ಲ. ದಿನಾ ಬೆಳಿಗ್ಗೆ ಕೈಹಿಡಿದು ಹೊಂಡದವರೆಗೆ ಕರೆದುಕೊಂಡು ಹೋಗಬೇಕು. ನೀರು ಅವರೇ ತುಂಬಿಕೊಳ್ಳುತ್ತಾರೆ. ಅದಕ್ಕೆ ನೀವು ಕೈ ಹಾಕಿದರೆ ಬೈಯುತ್ತಾರೆ. ಇಷ್ಟು ದಿನ ಕಿಲ್ಲೇದಾರನಾಗಿ ನಾನು ಈ ಕೆಲಸ ಮಾಡುತ್ತಿದ್ದೆ.”

ಅವನು ಅಜ್ಜಿಯ ಕೈ ಎತ್ತಿ ದಳವಾಯಿಯ ಅಂಗೈಯಲ್ಲಿ ಇಟ್ಟ. ಮೇಲೆ ತನ್ನ ಕೈ ಮುಚ್ಚಿದ.

“ಒಪ್ಪಿಸಿಕೊಳ್ಳಿ,” ಎಂದ.

ನಮ್ಮಲ್ಲಿ ಮದುವೆ ಮುಗಿದ ಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರ ಇದೆ, ನಿಮಗೆಲ್ಲ ಗೊತ್ತು. ಹೆಣ್ಣಿನ ತಂದೆ ಮಗಳ ಕೈಯನ್ನು ಗಂಡಿನ ಕಡೆಯವರ ಕೈಯಲ್ಲಿ ಇಡುತ್ತಾನೆ. ಇವಳನ್ನು ಒಪ್ಪಿಸಿದ್ದೇನೆ ಎನ್ನುತ್ತಾನೆ. ಎದುರಿನವರು ಒಪ್ಪಿಸಿಕೊಂಡೆವು ಎನ್ನಬೇಕು. ದಳವಾಯಿ ಹಿಂದಿನ ವರ್ಷ ತನ್ನ ಒಬ್ಬಳೇ ಮಗಳನ್ನು ಹೀಗೆ ಒಪ್ಪಿಸಿದ್ದ. ಎದುರಿನವರ ಉತ್ತರ ಬರುವವರೆಗೆ ಅವನು ಮಗಳ ಕೈ ಬಿಟ್ಟಿರಲಿಲ್ಲ.

ಈಗ ಕಿಲ್ಲೇದಾರನೂ ಕೈ ಬಿಡಲಿಲ್ಲ. ಉತ್ತರಕ್ಕಾಗಿ ನಿಂತಿದ್ದ.

“ಒಪ್ಪಿಸಿಕೊಂಡೆ,” ಎಂದ ದಳವಾಯಿ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಹತ್ತು ಮಂದಿ ಕೇಳಿಸಿಕೊಂಡರು.

ಅಜ್ಜಿ ಬೆರಳಿನಿಂದ ಹೊಸ ಕೈಯನ್ನು ತಡವಿ ನೋಡಿದಳು. “ಇವನ ಕೈ ಮೆತ್ತಗಿದೆಯಲ್ಲೋ ತಮ್ಮಾ,” ಎಂದು ಕಿಲ್ಲೇದಾರನಿಗೆ ಹೇಳಿದಳು.

“ಒರಟಾಗುತ್ತದೆ ಬಿಡಿ ಅಜ್ಜಿ. ಇಲ್ಲಿ ಕೆಲಸ ಬಹಳ ಇದೆ,” ಎಂದ ಅವನು.

ಹತ್ತು ಮಂದಿಯಲ್ಲಿ ಹಿರಿಯನಾದವನು ಮುಂದೆ ಬಂದ. “ದಳವಾಯಿಗಳೇ, ಜನ ಬಾಗಿಲಲ್ಲಿ ಕಾಯುತ್ತಿದ್ದಾರೆ. ಸೂರೆಯ ಮಾತು ಕೊಟ್ಟಿದ್ದೀರಿ,” ಎಂದ.

ದಳವಾಯಿ ಬಾಗಿಲಿನ ಕಡೆ ನೋಡಿದ. ಅಜ್ಜಿಯ ಕೈ ಅವನ ಕೈಯಲ್ಲೇ ಇತ್ತು.

“ಕೊಟ್ಟಿದ್ದೆ,” ಎಂದ. “ಗೆದ್ದದ್ದನ್ನು ಸೂರೆ ಹೊಡೆಯಬಹುದು. ಇದನ್ನು ನಾನು ಗೆಲ್ಲಲಿಲ್ಲ. ಒಪ್ಪಿಸಿಕೊಂಡಿದ್ದೇನೆ.”

ಆ ದಿನ ದಂಡಿನಲ್ಲಿ ದೊಡ್ಡ ಗಲಾಟೆಯಾಯಿತು. ಸುಳ್ಳುಗಾರ ಎಂದು ದಳವಾಯಿಯನ್ನು ಅವನ ಮುಖದೆದುರೇ ಬೈದರು. ಎಷ್ಟೋ ಮಂದಿ ಗೋಣಿಚೀಲವನ್ನು ಅವನ ಕಾಲ ಬಳಿ ಎಸೆದು ದಂಡನ್ನೇ ಬಿಟ್ಟು ಹೋದರು. ಅವನು ಬಾಗಿಲಿಗೆ ಅಡ್ಡ ನಿಂತಿದ್ದ. ಯಾವ ಬಾಗಿಲಿನೊಳಗೆ ಬರಲು ಐದು ತಿಂಗಳು ಹೊಡೆದಾಡಿದನೋ, ಅದೇ ಬಾಗಿಲನ್ನು ಅವನು ಅಂದು ಸಂಜೆಯವರೆಗೆ ಒಳಗಿನಿಂದ ಕಾದ. ಮುನ್ನೂರು ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ಯಾರೂ ದಾಟಲಿಲ್ಲ.

ಗಲಾಟೆ ಅಡಗಿದ ಮೇಲೆ ಕಿಲ್ಲೇದಾರ ಬೀಗದ ಕೈಗಳ ಗೊಂಚಲು ಬಿಚ್ಚಿ ಕೊಟ್ಟ. ಅವುಗಳಿಗೂ ಒಪ್ಪ ಹಾಕಿದ್ದ. ಒಂದು ಪಂಚೆ, ಒಂದು ಸುತ್ತಿಗೆ ಕಟ್ಟಿಕೊಂಡು ಹೊರಟ. ಇಳಿಜಾರಿನ ತಿರುವಿನಲ್ಲಿ ನಿಂತು, ಹಿಂದೆ ತಿರುಗಿ, ಏನೋ ಹೇಳಲು ಹೋದ. ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಯಿತು. ಗೊಂಚಲು ಇರಲಿಲ್ಲ. ಕೈ ಅಲ್ಲೇ ಒಂದು ಕ್ಷಣ ಇದ್ದು ಕೆಳಗೆ ಇಳಿಯಿತು.

“ಆ ಗೋಡೆ ಮರೆಯಬೇಡಿ,” ಎಂದಷ್ಟೇ ಹೇಳಿ ಹೋದ.

ಪಾಳೆಯಗಾರನಿಗೆ ಸುದ್ದಿ ಮುಟ್ಟಿತು. ಕೋಟೆ ಬಿಡು ಎಂದರೆ ಸಿಂಗರಿಸಿ ಕೊಟ್ಟ ದ್ರೋಹಿ ಎಂದು ಅವನು ಕಿಲ್ಲೇದಾರನಿಗೆ ತನ್ನ ಸೀಮೆಯಲ್ಲಿ ಕೆಲಸವಿಲ್ಲದಂತೆ ಮಾಡಿದ. ಕಿಲ್ಲೇದಾರ ಇನ್ನೊಂದು ಸೀಮೆಯ ಕಂಚುಗಾರರ ಬೀದಿಗೆ ಹೋಗಿ ತಂಬಿಗೆ ಬಡಿದುಕೊಂಡು ಬದುಕಿದ. ಕೋಟೆಯ ಮಾತನ್ನು ಅವನು ಯಾರ ಹತ್ತಿರವೂ ಆಡಲಿಲ್ಲ. ಅಜ್ಜಿ ಇನ್ನೂ ನಾಲ್ಕು ವರ್ಷ ಇದ್ದಳು. ದಳವಾಯಿ ಕೋಟೆಯಲ್ಲಿ ಇದ್ದ ದಿನಗಳಲ್ಲೆಲ್ಲ ತಾನೇ ಅವಳನ್ನು ಹೊಂಡಕ್ಕೆ ಕರೆದುಕೊಂಡು ಹೋಗುತ್ತಿದ್ದ. ಪಡುವಣ ಗೋಡೆಯನ್ನು ಆ ವರ್ಷವೇ ಮಳೆಗೆ ಮೊದಲು ಕಟ್ಟಿಸಿದ.

ಗುರುಗಳು ಕತೆ ನಿಲ್ಲಿಸಿದರು. ಹಿಂದೆ ಕೂತು ಕೆಣಕಿದ್ದವನೂ ಈಗ ಮುಂದಕ್ಕೆ ಜರುಗಿ ಕೂತಿದ್ದ.

ಹಾಲಯ್ಯ ಕೇಳಿದ. “ಹಾಗಾದರೆ ಅವನು ಸೋಲಲಿಲ್ಲ ಅಂತಲೇ ಗುರುಗಳೇ?”

“ಸೋತ. ಕೋಟೆ ಹೋಯಿತು, ಕೆಲಸ ಹೋಯಿತು, ಒಳ್ಳೆಯ ಹೆಸರೂ ಹೋಯಿತು. ಅದನ್ನು ಗೆಲುವು ಅಂತ ನಾನು ಹೇಳಿದರೆ ನೀನು ನಂಬಬಾರದು. ಆದರೆ ಸೋಲಿಸಿದವರು ಬೇರೆಯವರು. ಒಪ್ಪಿಸಿದವನು ಅವನು. ಅವೆರಡೂ ಒಂದೇ ದಿನ ನಡೆದವು, ಅಷ್ಟೇ.”

“ಒಪ್ಪಿಸುವುದಕ್ಕೆ ಸೋಲಲೇಬೇಕು ಅಂತಿಲ್ಲ?”

“ಸೋಲಬೇಕಿಲ್ಲ. ಕೈಯಲ್ಲಿ ಇರುವುದನ್ನು ಕೊನೆಯವರೆಗೂ ನೋಡಿಕೊಂಡಿರಬೇಕು. ಕೊನೆಯ ಮೆಟ್ಟಿಲಿನವರೆಗೆ.”

ಹಾಲಯ್ಯ ತನ್ನ ಮಡಿಲಲ್ಲಿದ್ದ ಪುಸ್ತಕ ನೋಡಿದ. ಅದು ಮುಚ್ಚಿತ್ತು. ಬೆಳಿಗ್ಗೆ ತಾನು ಹೇಳಿದ ಕೊನೆಯ ಸಾಲನ್ನು ನೆನಪಿಸಿಕೊಂಡ. ಸಾಲು ನೆನಪಿಗೆ ಬಂತು, ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ಹೇಳುವಾಗ ತಾನು ಕೇಳಿಸಿಕೊಂಡಿದ್ದೆನೇ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಅವನ ಎಡಗೈ ಮೆಲ್ಲಗೆ ಪುಸ್ತಕ ತೆರೆಯಿತು. ಕೊನೆಯ ಪುಟದಲ್ಲಿ ನಿಂತಿತು. ಉಳಿದ ಶಿಷ್ಯರು ಅವನನ್ನು ನೋಡುತ್ತಿದ್ದರು. ಯಾರೂ ನಗಲಿಲ್ಲ.

ಗುರುಗಳು ಆ ಕೈಯನ್ನು ನೋಡಿದರು.

“ಹಾಲಯ್ಯ, ಈಗ ಪಾಠ ಒಪ್ಪಿಸು.”